ದೂರದ ದಾರಿಯಲ್ಲಿ ಬೈಕು ಕೆಟ್ಟು ನಿಂತರೆ

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಧರ್ಮಸ್ಥಳಕ್ಕೆ ಹೋಗಿ ಹರಕೆ ತೀರಿಸಿ ಬರುವ ಪದ್ಧತಿ ನಮ್ಮಲ್ಲಿ ಅನೇಕ ಮನೆತನಗಳಿಗೆ ಉಂಟು. ಹಿಂದಿನವರು ನಡೆದೋ ಗಾಡಿ ಕಟ್ಟಿಯೋ ಹೋದರು. ಆಮೇಲೆ ಬಸ್ಸು ಬಂತು. ಈಗ ಹಾಸನ, ಬೇಲೂರು ಕಡೆಯ ಹಳ್ಳಿಗಳಿಂದ ಗಂಡ ಹೆಂಡತಿ ಇಬ್ಬರೇ ಬೆಳಗಿನ ಜಾವ ಬೈಕಿನ ಮೇಲೆ ಹೊರಟು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು, ಉಜಿರೆಯ ಮೇಲೆ ಧರ್ಮಸ್ಥಳ ಸೇರುತ್ತಾರೆ. ಹಾಸನದಿಂದ ಹೊರಟವರಿಗೆ ಇದು ಒಂದೇ ಕಡೆಗೆ 100 ಕಿಲೋಮೀಟರಿಗೂ ಮೀರಿದ ದಾರಿ. ಊರಿಂದ ಸಂತೆಗೂ ಡೇರಿಗೂ ಹೋಗಿ ಬರುವ ಬೈಕು ಇದೇ ಆದರೂ ಈ ದಿನ ಅದು ಮಾಡಬೇಕಾದ ಕೆಲಸ ಬೇರೆ. ಇಬ್ಬರನ್ನೂ ಗಂಟನ್ನೂ ಹೊತ್ತು ಘಾಟಿ ಇಳಿಯಬೇಕು, ಮತ್ತೆ ಹತ್ತಬೇಕು.

ಇಂಥ ದಾರಿಯಲ್ಲಿ ಬೈಕಿಗೆ ಬರುವ ತೊಂದರೆಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಬೈಕು ತಾನಾಗಿಯೇ ನಿಂತುಬಿಡುವುದು ಒಂದು ಬಗೆ. ಬೈಕು ಓಡುತ್ತಲೇ ಇದ್ದರೂ ನಾವೇ ಅದನ್ನು ನಿಲ್ಲಿಸಬೇಕಾಗುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹೊತ್ತು ಹೋಗುತ್ತದೆ. ಎರಡನೆಯದರಲ್ಲಿ ಜೀವ ಹೋಗಬಹುದು. ಆದರೆ ನಮ್ಮ ಜನ ಮೊದಲನೆಯದಕ್ಕೆ ಹೆದರಿ ಗಾಬರಿಯಾಗುತ್ತಾರೆ, ಎರಡನೆಯದನ್ನು ‘ಹೇಗೋ ಊರು ಮುಟ್ಟಿದರಾಯ್ತು’ ಅಂತ ಸಹಿಸಿಕೊಂಡು ಓಡಿಸುತ್ತಾರೆ. ಈ ಎರಡನ್ನೂ ಹೇಗೆ ಗುರುತಿಸಬೇಕು, ಯಾವುದಕ್ಕೆ ಏನು ಮಾಡಬೇಕು ಎಂಬುದನ್ನು ಈ ದಿನ ತಿಳಿಸುತ್ತೇನೆ.

ಹೊರಡುವ ಹಿಂದಿನ ದಿನ

ಎತ್ತಿನ ಗಾಡಿ ಹೂಡುವ ಮೊದಲು ನಮ್ಮ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿ ಭದ್ರವಾಗಿದೆಯೇ ಅಂತ ತಟ್ಟಿ ನೋಡುತ್ತಿದ್ದರು. ಬೈಕಿಗೂ ಅಂಥ ಒಂದು ತನಿಖೆ ಬೇಕು. ಕಾಲು ಗಂಟೆಯ ಕೆಲಸ. ಹೊರಡುವ ದಿನ ಬೆಳಗಿನ ಜಾವ ಮಾಡುತ್ತೇನೆಂದು ಬಿಡಬೇಡಿ. ಆ ಹೊತ್ತಿನಲ್ಲಿ ತಪ್ಪು ಕಂಡರೂ ಮೆಕ್ಯಾನಿಕ್ಕು ಸಿಗುವುದಿಲ್ಲ.

ಮೊದಲು ಎಂಜಿನ್ ಆಯಿಲ್. ಬೈಕನ್ನು ಮಟ್ಟಸವಾದ ನೆಲದ ಮೇಲೆ ಡಬಲ್ ಸ್ಟ್ಯಾಂಡು ಹಾಕಿ ನಿಲ್ಲಿಸಿ. ಎಂಜಿನ್ ಓಡಿಸಿದ್ದರೆ ಕೆಲವು ನಿಮಿಷ ತಡೆಯಿರಿ. ಆಯಿಲ್ ಕಡ್ಡಿಯನ್ನು ಒರೆಸಿ ಅದ್ದಿ ನೋಡಿದರೆ ಎರಡು ಗೆರೆಗಳ ನಡುವೆ ಆಯಿಲ್ ಅಂಟಿರಬೇಕು. 100 ಸಿ.ಸಿ. ಬೈಕಿನ ಎಂಜಿನ್ನಿನಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು. ಅದರಲ್ಲಿ ಕಾಲು ಲೀಟರು ಕಡಿಮೆಯಾದರೆ ಸಣ್ಣ ಕೊರತೆಯಲ್ಲ.

ಎರಡನೆಯದು ಚಕ್ರದ ಗಾಳಿ. ಒಬ್ಬರೇ ಹೋಗುವಾಗ ಬೇಕಾದ ಗಾಳಿ ಬೇರೆ, ಹಿಂದೆ ಒಬ್ಬರು ಕೂತಾಗ ಬೇಕಾದ ಗಾಳಿ ಬೇರೆ. ಎಷ್ಟು ಬೇಕೆಂದು ಕಂಪನಿಯವರು ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವು ಬೈಕುಗಳಲ್ಲಿ ಚೀಟಿಯನ್ನೂ ಅಂಟಿಸಿರುತ್ತಾರೆ. ಬಂಕಿನ ಹುಡುಗ ಹಾಕಿದಷ್ಟು ಸಾಕು ಅನ್ನಬೇಡಿ, ನೀವೇ ಲೆಕ್ಕ ಹೇಳಿ ಹಾಕಿಸಿ. ಟೈರಿನ ಹಲ್ಲು ಸವೆದು ನುಣ್ಣಗಾಗಿದ್ದರೆ ಮಳೆಯ ಘಾಟಿಗೆ ಆ ಟೈರು ತರವಲ್ಲ.

ಮೂರನೆಯದು ಚೈನು. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು 20ರಿಂದ 30 ಮಿಲಿಮೀಟರ್ ಆಡಬೇಕು. ಸರಿಯಾದ ಅಳತೆ ಪುಸ್ತಕದಲ್ಲಿದೆ. ಬಹಳ ಸಡಿಲವಾದರೆ ಕಳಚಿ ಬೀಳುತ್ತದೆ, ಬಹಳ ಬಿಗಿಯಾದರೆ ಬೇಗ ಸವೆದು ತುಂಡಾಗುತ್ತದೆ.

ನಾಲ್ಕನೆಯದು ಬ್ರೇಕು. ಹಿಂದಿನ ಡ್ರಮ್ ಬ್ರೇಕಿನ ತೋಳಿನ ಬಳಿ ಒಂದು ಬಾಣದ ಗುರುತು ಇರುತ್ತದೆ. ಬ್ರೇಕನ್ನು ಪೂರ್ತಿ ತುಳಿದಾಗ ಆ ಬಾಣವು ಪಕ್ಕದಲ್ಲಿರುವ ಗೆರೆಯನ್ನು ಮುಟ್ಟಿದರೆ ಒಳಗಿನ ಬ್ರೇಕ್ ಶೂ ಸವೆದಿದೆ ಎಂದರ್ಥ. ಹೊಸದು ಹಾಕಿಸದೆ ಘಾಟಿಗೆ ಹೋಗಕೂಡದು. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡಲ್ಲಿನ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗೆರೆಯಿಂದ ಮೇಲೆ ಇರಬೇಕು.

ಕಡೆಯದಾಗಿ ಹೊರೆ. 100 ಸಿ.ಸಿ.ಯ ಹಲವು ಬೈಕುಗಳಿಗೆ ಕಂಪನಿಯವರು ಗೊತ್ತುಮಾಡಿರುವ ಭಾರ ಸುಮಾರು 130 ಕಿಲೋ. ದೊಡ್ಡವರು ಇಬ್ಬರು ಕೂತರೆ ಅದು ಅಲ್ಲಿಗೆ ಭರ್ತಿ. ಇದರ ಮೇಲೆ ತೆಂಗಿನಕಾಯಿ ಮೂಟೆ, ಅಕ್ಕಿ ಚೀಲ ಕಟ್ಟಿದರೆ ಏರುವಾಗ ಎಂಜಿನ್ನಿಗೂ ಇಳಿಯುವಾಗ ಬ್ರೇಕಿಗೂ ಮೀರಿದ ಕೆಲಸವಾಗುತ್ತದೆ.

ನಿಂತ ಕೂಡಲೇ ಮಾಡಬೇಕಾದ್ದು

ಇಷ್ಟೆಲ್ಲ ನೋಡಿ ಹೊರಟರೂ ದಾರಿಯಲ್ಲಿ ಬೈಕು ಪಟಪಟ ಅಂದು ನಿಂತಿತು ಎನ್ನೋಣ. ಆಗ ಮೊದಲ ಕೆಲಸ ರಿಪೇರಿಯಲ್ಲ. ಬೈಕನ್ನು ತಳ್ಳಿಕೊಂಡು ರಸ್ತೆಯಿಂದ ಪೂರ್ತಿ ಆಚೆಗೆ ತನ್ನಿ. ತಿರುವಿನಲ್ಲಿ ನಿಲ್ಲಿಸಬೇಡಿ, ಹಿಂದಿನಿಂದ ಬರುವ ಲಾರಿಯವನಿಗೆ ನೀವು ಕಾಣುವುದಿಲ್ಲ. ಹೆಂಗಸರು ಮಕ್ಕಳು ಬೈಕಿನ ಹಿಂದೆ ನಿಲ್ಲದೆ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯಲಿ. ಇಂಡಿಕೇಟರ್ ಹಾಕಿ. ಸ್ವಲ್ಪ ಹಿಂದೆ ಹಸಿರು ಸೊಪ್ಪಿನ ಕೊಂಬೆ ಒಂದನ್ನು ಇಟ್ಟರೆ ಬರುವವರಿಗೆ ಸೂಚನೆಯಾಗುತ್ತದೆ. ಹೊರಡುವಾಗ ಅದನ್ನು ಮರೆಯದೆ ತೆಗೆಯಿರಿ. ಮಳೆಗಾಲದಲ್ಲಿ ಕಡಿದಾದ ಧರೆಯ ಕೆಳಗೆ ನಿಲ್ಲುವುದು ಬೇಡ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರವೇ ನಿಂತದ್ದು ನಿಮಗೆ ನೆನಪಿರಬಹುದು.

ಆಮೇಲೆ ಸಣ್ಣ ಪುಟ್ಟ ಸಂಗತಿಗಳನ್ನು ನೋಡಿ. ಬಲಗೈ ಬಳಿಯ ಕೆಂಪು ಗುಂಡಿ ಆಫ್ ಆಗಿದೆಯೇ? ಹಿಂದೆ ಕೂತ ಮಗು ಕೈ ತಾಗಿಸಿ ಅದನ್ನು ಒತ್ತಿರುವುದು ಉಂಟು. ಸೈಡ್ ಸ್ಟ್ಯಾಂಡು ಇಳಿದಿದೆಯೇ? ಈಚಿನ ಕೆಲವು ಬೈಕುಗಳು ಸ್ಟ್ಯಾಂಡು ಇಳಿದಿದ್ದರೆ ಸ್ಟಾರ್ಟೇ ಆಗುವುದಿಲ್ಲ. ಕೀಲಿ ಸರಿಯಾಗಿ ತಿರುಗಿದೆಯೇ? ಈ ಮೂರನ್ನು ನೋಡದೆ ಬೆವರು ಸುರಿಯುವ ತನಕ ಕಿಕ್ಕು ಹೊಡೆಯುವವರು ಬಹಳ ಮಂದಿ.

ಒಲೆಯ ಲೆಕ್ಕ

ಒಲೆ ಉರಿಯಬೇಕಾದರೆ ಸೌದೆ ಬೇಕು, ಕಿಡಿ ಬೇಕು, ಗಾಳಿ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಅನ್ನ ಬೇಯುವುದಿಲ್ಲ. ಬೈಕಿನ ಎಂಜಿನ್ನೂ ಹಾಗೆಯೇ. ಸೌದೆಯ ಬದಲು ಪೆಟ್ರೋಲು, ಬೆಂಕಿಕಡ್ಡಿಯ ಬದಲು ಪ್ಲಗ್ಗಿನ ಕಿಡಿ, ಊದುಕೊಳವೆಯ ಬದಲು ಗಾಳಿಯ ಫಿಲ್ಟರು. ಸ್ಟಾರ್ಟ್ ಆಗದ ಬೈಕಿನ ಮುಂದೆ ನಿಂತು ಈ ಮೂರನ್ನು ಇದೇ ಕ್ರಮದಲ್ಲಿ ವಿಚಾರಿಸಿ. ಕಂಡ ಕಂಡ ಸ್ಕ್ರೂ ತಿರುಗಿಸುವುದು ಬೇಡ.

ಮೊದಲು ಪೆಟ್ರೋಲು. ಮುಚ್ಚಳ ತೆಗೆದು ಟ್ಯಾಂಕು ಅಲುಗಿಸಿ ನೋಡಿ. ಹಳೆಯ ಬಗೆಯ ಬೈಕಿನಲ್ಲಿ ಕಾರ್ಬುರೇಟರಿನ ಮೇಲ್ಗಡೆ ಪೆಟ್ರೋಲಿನ ನಲ್ಲಿ ಇರುತ್ತದೆ. ಅದನ್ನು ರಿಸರ್ವಿಗೆ ತಿರುಗಿಸಿ. ಹೀಗೆ ರಿಸರ್ವಿನಲ್ಲಿ ಹೋಗಿ ಬಂಕಿನಲ್ಲಿ ತುಂಬಿಸಿದ ಮೇಲೆ ನಲ್ಲಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿಡಬೇಕು. ಮರೆತರೆ ಮುಂದಿನ ಸಲ ರಿಸರ್ವ್ ಎಂಬುದೇ ಇರುವುದಿಲ್ಲ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಬೈಕು ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುವುದು, ಮತ್ತೆ ನಿಲ್ಲುವುದು ಹೀಗೆ ಆಗುತ್ತಿದ್ದರೆ ಮುಚ್ಚಳವನ್ನು ತೆಗೆದು ನೋಡಿ. ‘ಸುಯ್’ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಕಾರಣ ಸಿಕ್ಕಿತು. ಟ್ಯಾಂಕಿನಿಂದ ಪೆಟ್ರೋಲ್ ಇಳಿಯಬೇಕಾದರೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು. ಹಳೆಯ ಬೈಕುಗಳ ಮುಚ್ಚಳದಲ್ಲಿ ಅದಕ್ಕೆಂದೇ ಸಣ್ಣ ತೂತು ಇರುತ್ತದೆ. ಮಣ್ಣು ಸೇರಿಯೋ, ಮಳೆ ಬೀಳದಿರಲೆಂದು ನಾವೇ ಪ್ಲಾಸ್ಟಿಕ್ ಕವರು ಸುತ್ತಿ ಬಿಗಿದೋ ಅದು ಮುಚ್ಚಿಹೋಗುತ್ತದೆ. ಕವರು ಬಿಚ್ಚಿ, ತೂತು ಚೊಕ್ಕಟ ಮಾಡಿದರೆ ಬೈಕು ಹೊರಡುತ್ತದೆ.

ನೀರು ಸೇರುವುದು ಇನ್ನೊಂದು ಕಾರಣ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನಿಂದಲೂ ಮೆಕ್ಕೆಜೋಳ ಮೊದಲಾದ ಧಾನ್ಯಗಳಿಂದಲೂ ತಯಾರಾಗುವ ಮದ್ಯಸಾರವೇ ಇದು. ರೈತರಿಗೆ ಒಳ್ಳೆಯದೇ ಸರಿ, ಆದರೆ ಇದಕ್ಕೆ ನೀರನ್ನು ಹೀರಿಕೊಳ್ಳುವ ಗುಣ ಉಂಟು. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಯಲ್ಲಿ ನೆನೆದು ನಿಂತಿದ್ದ ಬೈಕು ಮುಕ್ಕರಿಸುತ್ತಾ ನಿಂತರೆ ಈ ಅನುಮಾನ ಪಡಬಹುದು. ಕಾರ್ಬುರೇಟರಿನ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದನ್ನು ಸಡಿಲಿಸಿ, ತಳದ ನೀರು ಕಸವನ್ನು ಒಂದು ಶೀಶೆಗೆ ಇಳಿಸಿ, ಮತ್ತೆ ಬಿಗಿ ಮಾಡಿ. ಈ ಕೆಲಸ ಮಾಡುವಾಗ ಹತ್ತಿರದಲ್ಲಿ ಬೀಡಿ, ಸಿಗರೇಟು ಖಂಡಿತ ಇರಕೂಡದು.

ಎರಡನೆಯದು ಕಿಡಿ. ಪ್ಲಗ್ ಪಾನಾದಿಂದ ಪ್ಲಗ್ಗು ಬಿಚ್ಚಿ ಅದರ ಮೂತಿ ನೋಡಿ. ಎಂಜಿನ್ನಿನ ಆರೋಗ್ಯ ಅಲ್ಲಿ ಬರೆದಿರುತ್ತದೆ. ತಿಳಿ ಕಂದು ಬಣ್ಣವಾದರೆ ಎಲ್ಲ ಸರಿ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಜಿಡ್ಡು ಜಿಡ್ಡಾದ ಕಪ್ಪಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಊರಿಗೆ ಬಂದು ಮೆಕ್ಯಾನಿಕ್ಕಿಗೆ ತೋರಿಸಬೇಕು. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಿಡಿ ಇಲ್ಲದೆ ಪೆಟ್ರೋಲು ತುಂಬಿಕೊಂಡಿದೆ, ಇಲ್ಲವೇ ಚೋಕು ಎಳೆದು ವಿಪರೀತ ಕಿಕ್ಕು ಹೊಡೆದಿದ್ದೀರಿ. ಒರೆಸಿ, ಒಣಗಿಸಿ, ಮತ್ತೆ ಹಾಕಿ, ಚೋಕು ಇಳಿಸಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕಾರು ಕಿಕ್ಕು ಹೊಡೆದರೆ ಸಾಮಾನ್ಯವಾಗಿ ಹೊರಡುತ್ತದೆ. ಮಳೆಯಲ್ಲಿ ನಿಂತ ಬೈಕಿನಲ್ಲಿ ಪ್ಲಗ್ಗಿನ ಟೋಪಿಯೊಳಗೆ ನೀರು ಸೇರಿರುವುದೂ ಉಂಟು. ಅದನ್ನು ಒಣ ಬಟ್ಟೆಯಿಂದ ಒರೆಸಿ ಬಿಗಿಯಾಗಿ ಕೂಡಿಸಿ. ಹೊಸ ಪ್ಲಗ್ಗು ಒಂದು ಜೊತೆಯಲ್ಲಿದ್ದರೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹಾಕಿ ನೋಡಿದರೆ ದೋಷ ಪ್ಲಗ್ಗಿನದೋ ಬೇರೆಯದೋ ಗೊತ್ತಾಗುತ್ತದೆ.

ಹಾರ್ನೂ ಇಲ್ಲ, ದೀಪವೂ ಇಲ್ಲ, ಎಲ್ಲವೂ ಸತ್ತಂತಿದ್ದರೆ ಬ್ಯಾಟರಿಯ ತಂತಿಯ ಗಂಟು ಸಡಿಲವಾಗಿದೆ, ಇಲ್ಲವೇ ಫ್ಯೂಸ್ ಸುಟ್ಟಿದೆ. ಫ್ಯೂಸ್ ಡಬ್ಬಿಯಲ್ಲೇ ಒಂದು ಬದಲಿ ಫ್ಯೂಸನ್ನು ಇಟ್ಟಿರುತ್ತಾರೆ. ಅದರ ಬದಲಿಗೆ ತಂತಿಯ ತುಂಡನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ತುರುಕಬಾರದು. ಫ್ಯೂಸ್ ಸುಡುವುದು ತಂತಿಗಳು ಸುಡದಿರಲಿ ಎಂದು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ತಂತಿ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ಭತ್ತದ ಕೋಣೆಯಲ್ಲಿ ಬೈಕು ನಿಲ್ಲಿಸುವ ಮನೆಗಳಲ್ಲಿ ಇಲಿ ಕಡಿದ ತಂತಿಯಿಂದ ಹೀಗಾಗುವುದು ಅಪರೂಪವಲ್ಲ.

ಮೂರನೆಯದು ಗಾಳಿ. ಒಕ್ಕಣೆಯ ಹೊಟ್ಟು, ಮಣ್ಣು ರಸ್ತೆಯ ಧೂಳು ಎಲ್ಲವೂ ಗಾಳಿಯ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತವೆ. ಏರಿನಲ್ಲಿ ಶಕ್ತಿ ಸಾಲದೆ ಕರಿ ಹೊಗೆ ಬರುತ್ತಿದ್ದರೆ ಫಿಲ್ಟರು ಕಟ್ಟಿದೆ ಎಂದು ತಿಳಿಯಿರಿ. ಫಿಲ್ಟರು ತೆಗೆದಿಟ್ಟು ಬೈಕು ಓಡಿಸುವುದು ಬೇಡ. ಆ ಧೂಳು ನೇರವಾಗಿ ಎಂಜಿನ್ನಿನೊಳಗೆ ಹೋಗಿ ಸಾಣೆಯಂತೆ ಅರೆಯುತ್ತದೆ.

ಹೊಸ ಬಗೆಯ ಬೈಕಿಗೆ ಬೇರೆ ಮಾತು

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ. ಅದರ ಬದಲು ಟ್ಯಾಂಕಿನೊಳಗೆ ಒಂದು ವಿದ್ಯುತ್ ಪಂಪು ಇದ್ದು, ಒಂದು ಸಣ್ಣ ಯಂತ್ರ ಲೆಕ್ಕ ಹಾಕಿ ಪೆಟ್ರೋಲನ್ನು ಚಿಮ್ಮಿಸುತ್ತದೆ. ಇಂಥ ಬೈಕಿನ ಕೀಲಿ ತಿರುಗಿಸಿದಾಗ ಒಂದೆರಡು ಸೆಕೆಂಡು ‘ಜುಂಯ್’ ಎಂಬ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಪಂಪಿಗೆ ವಿದ್ಯುತ್ ಹೋಗುತ್ತಿಲ್ಲ. ಫ್ಯೂಸ್, ಬ್ಯಾಟರಿ ನೋಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಇದು ಹೊರಡದು. ಸ್ವಲ್ಪ ಜೀವ ಇದ್ದರೆ ಎರಡನೆಯ ಗೇರಿನಲ್ಲಿ ಕ್ಲಚ್ ಹಿಡಿದು ಮಟ್ಟಸವಾದ ರಸ್ತೆಯಲ್ಲಿ ತಳ್ಳಿ, ಕ್ಲಚ್ ಬಿಟ್ಟು ನೋಡಬಹುದು.

ಈ ಬೈಕುಗಳಲ್ಲಿ ಪಂಪು ತಣ್ಣಗಿರುವುದು ಸುತ್ತ ಇರುವ ಪೆಟ್ರೋಲಿನಿಂದಲೇ. ಆದ್ದರಿಂದ ಟ್ಯಾಂಕನ್ನು ಕಡೆಯ ಹನಿಯ ತನಕ ಬರಿದು ಮಾಡುವ ಅಭ್ಯಾಸ ಬಿಡಿ. ಮುಂದುಗಡೆ ಎಂಜಿನ್ ಆಕಾರದ ಹಳದಿ ದೀಪ ಉರಿಯುತ್ತಲೇ ಇದ್ದರೆ ಯಂತ್ರವೇ ತನ್ನ ತೊಂದರೆ ಹೇಳುತ್ತಿದೆ ಎಂದರ್ಥ. ಪ್ಲಗ್ಗನ್ನು ಹೊರಗೆ ಇಟ್ಟು ಕಿಡಿ ಪರೀಕ್ಷೆ ಮಾಡುವುದು, ತಂತಿ ಕಿತ್ತು ನೋಡುವುದು ಇವುಗಳಿಗೆ ಬೇಡ; ದುಬಾರಿ ಭಾಗ ಹಾಳಾದೀತು. ಹತ್ತಿರದ ಊರಿನ ಮೆಕ್ಯಾನಿಕ್ಕಿನ ಕೈಗೆ ಕೊಡಿ.

ಪಂಕ್ಚರ್, ಚೈನು, ಕೇಬಲ್ಲು

ಟೈರಿಗೆ ಮೊಳೆ ಹೊಕ್ಕಿದ್ದು ಕಂಡರೆ ಕೂಡಲೇ ಕೀಳಲು ಹೋಗಬೇಡಿ. ಟ್ಯೂಬ್ ಇಲ್ಲದ ಟೈರಾದರೆ ಆ ಮೊಳೆಯೇ ಬಿರಡೆಯಂತೆ ಗಾಳಿ ಹಿಡಿದಿರುತ್ತದೆ. ಹಿಂದೆ ಕೂತವರನ್ನು ಇಳಿಸಿ, ನಿಧಾನವಾಗಿ ಪಂಕ್ಚರ್ ಅಂಗಡಿಯ ತನಕ ಹೋಗಬಹುದು. ಟ್ಯೂಬ್ ಇರುವ ಟೈರಾದರೆ ಗಾಳಿ ಹೋದ ಮೇಲೆ ಓಡಿಸಬಾರದು. ಟ್ಯೂಬು ಚಿಂದಿಯಾಗುವುದಲ್ಲದೆ ರಿಮ್ಮು ಸೊಟ್ಟಗಾಗಿ ನೂರರ ಖರ್ಚು ಸಾವಿರಕ್ಕೆ ಏರುತ್ತದೆ. ತಳ್ಳಿಕೊಂಡು ಹೋಗುವುದೇ ಲಾಭ.

ಚೈನು ಕಳಚಿದರೆ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಚೈನು ಒರೆಸಲು, ಕೂಡಿಸಲು ಹೋದರೆ ಬೆರಳು ಹಲ್ಲುಚಕ್ರಕ್ಕೆ ಸಿಕ್ಕಿ ತುಂಡಾಗುತ್ತದೆ. ಒಂದು ಬೆರಳು ಹೋದರೆ ನೇಗಿಲು, ಕುಡುಗೋಲು ಹಿಡಿಯುವ ಕೈ ಜೀವಮಾನವಿಡೀ ಅರ್ಧವಾಯಿತು. ಚೈನು ತುಂಡಾಗಿದ್ದರೆ ಬದಲಿ ಚೈನ್ ಲಾಕು ಬೇಕು. ಅದರ ಕ್ಲಿಪ್ಪನ್ನು ಹಾಕುವಾಗ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರಬೇಕು, ಬಾಯಿ ತೆರೆದ ಬದಿ ಹಿಂದಕ್ಕೆ. ತಿರುಗುಮುರುಗಾದರೆ ಓಡುವಾಗ ಕಳಚಿಕೊಳ್ಳುತ್ತದೆ.

ಕ್ಲಚ್ ಕೇಬಲ್ಲು ಒಂದೇ ಸಲಕ್ಕೆ ತುಂಡಾಗುವುದು ಕಡಿಮೆ. ಹಿಡಿಯ ಬಳಿ ಒಂದೊಂದೇ ಎಳೆ ಬಿಟ್ಟುಕೊಂಡು ಬರುತ್ತದೆ. ಹಿಡಿ ಗಟ್ಟಿಯಾಯಿತು, ಎಳೆಗಳು ಚುಚ್ಚುತ್ತಿವೆ ಅಂದರೆ ಹೊರಡುವ ಮುಂಚೆಯೇ ಬದಲಾಯಿಸಿ. ಹಳೆಯದರ ಪಕ್ಕದಲ್ಲೇ ಹೊಸ ಕೇಬಲ್ಲನ್ನು ಎಳೆದು ಕಟ್ಟಿಟ್ಟುಕೊಂಡರೆ ದಾರಿಯಲ್ಲಿ ಹತ್ತು ನಿಮಿಷದ ಕೆಲಸ. ಕ್ಲಚ್ ಇಲ್ಲದ ಬೈಕನ್ನು ಘಾಟಿಯಲ್ಲಿ ಓಡಿಸುವ ಸಾಹಸ ಯಾರೂ ಮಾಡಬಾರದು.

ಘಾಟಿ ಇಳಿಯುವಾಗ ಬ್ರೇಕು

ಈ ಮಾತನ್ನು ದಯವಿಟ್ಟು ಎಲ್ಲರೂ ಗಮನ ಕೊಟ್ಟು ಕೇಳಿ. ನಮ್ಮಲ್ಲಿ ಕೆಲವರು ಇಳಿಜಾರು ಸಿಕ್ಕ ಕೂಡಲೇ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ ಬೈಕನ್ನು ಹಾಗೇ ಬಿಡುತ್ತಾರೆ. ಬಯಲಿನ ಸಣ್ಣ ದಿಣ್ಣೆಯಲ್ಲಿ ಇದು ನಡೆದುಹೋಗುತ್ತದೆ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿಯ ತನಕ 20 ಕಿಲೋಮೀಟರಿಗೂ ಉದ್ದವಾದ ದಾರಿ. ಅಲ್ಲಿ ಹೀಗೆ ಮಾಡಿದರೆ ಇಬ್ಬರ ಭಾರ, ಬೈಕಿನ ಭಾರ ಎಲ್ಲವನ್ನೂ ಬರೀ ಬ್ರೇಕೇ ಹಿಡಿಯಬೇಕಾಗುತ್ತದೆ.

ಬ್ರೇಕು ಹಿಡಿಯುವುದು ಉಜ್ಜಾಟದಿಂದ. ಉಜ್ಜಿದರೆ ಬಿಸಿಯಾಗುತ್ತದೆ. ಬಿಡದೆ ಹಿಡಿದೇ ಇಳಿದರೆ ಆ ಬಿಸಿ ಆರಲು ಅವಕಾಶವೇ ಇಲ್ಲ. ಡ್ರಮ್ ಬ್ರೇಕಿನಲ್ಲಿ ಶೂ ಕಾದು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಡ್ರಮ್ಮೂ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಕೊಳವೆಯೊಳಗಿನ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಹಿಡಿ ಒತ್ತಿದರೆ ಗುಳ್ಳೆ ಅದುಮಿಕೊಳ್ಳುತ್ತದೆಯೇ ಹೊರತು ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂದು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಇಳಿಯುವುದು ಹೇಗೆ? ಯಾವ ಗೇರಿನಲ್ಲಿ ಆ ಏರನ್ನು ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೆಯದೋ ಮೂರನೆಯದೋ ಆಗಬಹುದು. ಎಂಜಿನ್ ಓಡುತ್ತಿರಲಿ, ಕ್ಲಚ್ ಬಿಟ್ಟಿರಲಿ, ಎಕ್ಸಲೇಟರ್ ಮುಚ್ಚಿರಲಿ. ಆಗ ಎಂಜಿನ್ನೇ ಬೈಕನ್ನು ಹಿಡಿದುಕೊಳ್ಳುತ್ತದೆ, ಹಿಂದಕ್ಕೆ ಜಗ್ಗುವ ಎತ್ತಿನಂತೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ವೇಗ ಇಳಿಸಿ, ಬಿಟ್ಟುಬಿಡಿ. ಹೀಗೆ ಹಿಡಿಯುವುದು ಬಿಡುವುದು ಮಾಡಿದರೆ ನಡುವೆ ಬ್ರೇಕು ಆರುತ್ತದೆ. ಮಳೆಯಲ್ಲಿ ರಸ್ತೆಯ ಮೇಲೆ ಹರಿಯುವ ನೀರು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಸೇರಿ ಬ್ರೇಕು ಜಾರುತ್ತದೆ. ಮೆಲ್ಲಗೆ ಹೋಗುತ್ತಾ ಹಗುರವಾಗಿ ನಾಲ್ಕೈದು ಸಲ ಬ್ರೇಕು ಹಿಡಿದರೆ ಒಣಗುತ್ತದೆ.

ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಲ್ಲಿಸುವುದು ಎಲ್ಲರ ರೂಢಿ. ಅಲ್ಲಿಂದ ಹೊರಟ ಹತ್ತು ಮಾರಿನಲ್ಲೇ ಎರಡೂ ಬ್ರೇಕು ಹಿಡಿದು ನೋಡಿ. ಸಂಶಯ ಬಂದರೆ ಘಾಟಿಯ ಮೇಲೆಯೇ ನಿಲ್ಲಿ. ಕೆಳಗೆ ಹೋದ ಮೇಲೆ ನೋಡೋಣ ಎಂಬ ಮಾತು ಬೇಡ. ಹತ್ತುವಾಗ ಬೇರೆ ಎಚ್ಚರ: ಮೊದಲ ಗೇರಿನಲ್ಲೇ ಬಹಳ ಹೊತ್ತು ಎಳೆದು ಎಂಜಿನ್ ಕಾದು ಶಕ್ತಿ ಕುಗ್ಗಿದರೆ ಅಗಲವಾದ ಜಾಗದಲ್ಲಿ 15-20 ನಿಮಿಷ ನಿಲ್ಲಿಸಿ ಆರಲು ಬಿಡಿ. ಕಾದ ಎಂಜಿನ್ನಿನ ಮೇಲೆ ನೀರು ಸುರಿಯಬೇಡಿ, ಲೋಹ ಬಿರುಕು ಬಿಟ್ಟೀತು.

ನಾವೇ ನಿಲ್ಲಿಸಬೇಕಾದ ಗುರುತುಗಳು

ಕೆಳಗಿನ ಗುರುತುಗಳಲ್ಲಿ ಯಾವುದೇ ಒಂದು ಕಂಡರೂ ಊರು ಎಷ್ಟೇ ಹತ್ತಿರವಿರಲಿ, ಬೈಕು ನಿಲ್ಲಿಸಬೇಕು.

1. ಬ್ರೇಕಿನ ಹಿಡಿ ಮೆತ್ತಗಾಗಿ ಹ್ಯಾಂಡಲ್ಲಿನ ತನಕ ಬರುವುದು, ಇಲ್ಲವೇ ಕಾಲಿನ ಬ್ರೇಕು ಆಳಕ್ಕೆ ಇಳಿಯುವುದು, ಸುಟ್ಟ ವಾಸನೆ. ಕೆಳ ಗೇರಿಗೆ ಇಳಿಸಿ, ಗುಡ್ಡದ ಬದಿಗೆ ಸರಿದು ನಿಲ್ಲಿಸಿ. ಕೈಯಿಂದ ಡ್ರಮ್ಮು, ಡಿಸ್ಕು ಮುಟ್ಟಬೇಡಿ. ಅರ್ಧ ಗಂಟೆ ಆರಿಸಿ, ಮಟ್ಟಸವಾದ ಕಡೆ ಪರೀಕ್ಷಿಸಿ ನೋಡಿ. ಹಿಡಿತ ಬಾರದಿದ್ದರೆ ಮುಂದೆ ಓಡಿಸಬೇಡಿ.

2. ಬೈಕಿನ ಹಿಂಭಾಗ ಹಾವಿನಂತೆ ಆಡುವುದು. ಇದು ಹಿಂದಿನ ಟೈರಿನ ಗಾಳಿ ಇಳಿಯುತ್ತಿರುವ ಗುರುತು. ಜೋರಾಗಿ ಬ್ರೇಕು ಹಾಕಬೇಡಿ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಎಕ್ಸಲೇಟರ್ ಬಿಟ್ಟು, ತಾನಾಗಿ ನಿಧಾನವಾದ ಮೇಲೆ ಪಕ್ಕಕ್ಕೆ ತೆಗೆದುಕೊಳ್ಳಿ.

3. ಎಂಜಿನ್ನಿನಲ್ಲಿ ಕಬ್ಬಿಣ ಕುಟ್ಟಿದ ಸದ್ದು, ಜೊತೆಗೆ ಶಕ್ತಿ ಕುಗ್ಗುವುದು. ಆಯಿಲ್ ಇಲ್ಲದೆ ಒಳಗಿನ ಪಿಸ್ಟನ್ ಕಚ್ಚಿಕೊಳ್ಳುವ ಮೊದಲು ಹೀಗಾಗುತ್ತದೆ. ಕಚ್ಚಿಕೊಂಡರೆ ಹಿಂದಿನ ಚಕ್ರವೂ ಹಠಾತ್ತನೆ ನಿಂತು ಬೈಕು ಬೀಳುತ್ತದೆ. ಕೂಡಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ.

4. ಪೆಟ್ರೋಲಿನ ವಾಸನೆ ಕಾಲ ಬಳಿ ಬರುವುದು, ಅಥವಾ ತಂತಿ ಸುಟ್ಟ ವಾಸನೆ. ಎಲ್ಲರೂ ಇಳಿದು ದೂರ ನಿಲ್ಲಿ. ನಲ್ಲಿ ಮುಚ್ಚಿ, ಕೀಲಿ ತೆಗೆಯಿರಿ.

5. ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೆಡ್‌ಲೈಟ್ ಆರುವುದು. ಮುಂದಿನ ಬಸ್ಸಿನ ಬೆಳಕು ಹಿಡಿದು ಹೋಗುತ್ತೇನೆಂಬುದು ಹುಚ್ಚು ಧೈರ್ಯ.

ನಿಂತ ಬೈಕನ್ನು ಇನ್ನೊಂದು ಬೈಕಿನವರು ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದನ್ನು, ಹಗ್ಗ ಕಟ್ಟಿ ಎಳೆಯುವುದನ್ನು ನಾವು ಕಾಣುತ್ತೇವೆ. ಘಾಟಿಯಲ್ಲಿ ಇದು ಇಬ್ಬರಿಗೂ ಅಪಾಯ. ಬೈಕನ್ನು ಗೂಡ್ಸ್ ಆಟೋಗೆ ಹತ್ತಿಸಿ, ಮನೆಯವರನ್ನು ಬಸ್ಸಿಗೆ ಕೂರಿಸಿ. ನಾಲ್ಕಾರು ನೂರು ರೂಪಾಯಿ ಹೋದೀತು, ಅದನ್ನು ಮುಂದಿನ ಸಂತೆಯಲ್ಲಿ ದುಡಿದುಕೊಳ್ಳಬಹುದು. ಅಪಘಾತವೇ ಆದರೆ 112ಕ್ಕೆ, ಆಂಬುಲೆನ್ಸಿಗೆ 108ಕ್ಕೆ ಫೋನು ಮಾಡಿ. ಬೇರೆಯವರು ಬಿದ್ದಿದ್ದು ಕಂಡರೂ ಪೊಲೀಸ್ ಕೇಸಿಗೆ ಹೆದರಿ ದಾಟಿ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವಂತೆ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಆಗಿದೆ.

ಹಿಂದೆ ಕೂತವರ ಕೆಲಸ

ತಾಯಂದಿರೇ, ಅಕ್ಕಂದಿರೇ, ಬೈಕಿನ ವಿಷಯ ಗಂಡಸರದು ಅಂತ ನೀವು ಸುಮ್ಮನೆ ಕೂರಬೇಡಿ. ಹಿಂದಿನ ಚಕ್ರದ ಮೇಲೆ ಕೂತಿರುವವರು ನೀವು. ಗಾಳಿ ಇಳಿದು ಬೈಕು ಆಡುವುದು, ಚೈನು ಕಟಕಟ ಅನ್ನುವುದು, ಸುಟ್ಟ ವಾಸನೆ ಇವು ಮುಂದೆ ಕೂತವರಿಗಿಂತ ಮೊದಲು ನಿಮಗೇ ತಿಳಿಯಬಹುದು. ತಿಳಿದ ಕೂಡಲೇ ‘ರೀ, ನಿಲ್ಲಿಸಿ’ ಅನ್ನಿ. ಮುಂದೆ ಕೂತವರು ಆ ಮಾತಿಗೆ ರೇಗದೆ ನಿಲ್ಲಿಸಬೇಕು. ಸೆರಗನ್ನು ಸುತ್ತಿ ಸಿಕ್ಕಿಸಿಕೊಳ್ಳಿ. ಚಕ್ರಕ್ಕೆ ಸೀರೆ ತಾಗದಂತೆ ತಡೆಯುವ ಗಾರ್ಡು ಬಿಚ್ಚಿಹೋಗಿದ್ದರೆ ಹಾಕಿಸಿದ ಮೇಲೆಯೇ ಹತ್ತಿ. ಹೆಲ್ಮೆಟ್ಟು ಇಬ್ಬರಿಗೂ ಇರಲಿ.

ಜೊತೆಯಲ್ಲಿ ಒಂದು ಸಣ್ಣ ಚೀಲ ಇಟ್ಟುಕೊಳ್ಳಿ. ಅದರಲ್ಲಿ ಪ್ಲಗ್ ಪಾನಾ, ನಟ್ಟು ಬಿಚ್ಚುವ ಎರಡು ಮೂರು ಪಾನಾ, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು. ಬದಲಿಗೆ ಒಂದು ಪ್ಲಗ್ಗು, ಒಂದು ಚೈನ್ ಲಾಕು, ಎರಡು ಫ್ಯೂಸು, ಒಂದು ಕ್ಲಚ್ ಕೇಬಲ್ಲು. ಮತ್ತೆ ಟೇಪು, ಸ್ವಲ್ಪ ಬೈಂಡಿಂಗ್ ತಂತಿ, ಹಳೆ ಬಟ್ಟೆ, ಒಂದು ಟಾರ್ಚು. ಇವೆಲ್ಲ ಸೇರಿದರೂ ಒಂದು ಬುತ್ತಿಯ ಗಂಟಿಗಿಂತ ದೊಡ್ಡದಾಗದು.

ಬಾಂಧವರೇ, ಇಷ್ಟು ಹೇಳಿದ್ದರಲ್ಲಿ ಎಲ್ಲವೂ ನೆನಪಿನಲ್ಲಿ ಉಳಿಯದಿದ್ದರೆ ಚಿಂತೆಯಿಲ್ಲ. ಬೈಕು ತಾನಾಗಿ ನಿಂತರೆ ಪೆಟ್ರೋಲು, ಕಿಡಿ, ಗಾಳಿ ಈ ಮೂರನ್ನು ಸಮಾಧಾನದಿಂದ ನೋಡಿ. ಬ್ರೇಕು, ಟೈರು, ಎಂಜಿನ್ ಸದ್ದು ಇವುಗಳಲ್ಲಿ ಹೆಚ್ಚು ಕಡಿಮೆ ಕಂಡರೆ ನೀವಾಗಿ ನಿಲ್ಲಿಸಿ. ಘಾಟಿಯನ್ನು ಗೇರಿನಲ್ಲೇ ಇಳಿಯಿರಿ. ಹರಕೆ ಒಂದು ದಿನ ತಡವಾಗಿ ತೀರಿದರೆ ಮಂಜುನಾಥಸ್ವಾಮಿ ಕೋಪಿಸಿಕೊಳ್ಳುವುದಿಲ್ಲ.